ಭಾವಚಿತ್ರದ ಲೆನ್ಸು ನಡೆದು ಬಂದ ದಾರಿ



ನಿಮ್ಮ ಮನೆಯ ಪಡಸಾಲೆಯ ಗೋಡೆಯನ್ನು ಒಮ್ಮೆ ನೆನೆದುಕೊಳ್ಳಿ. ದೇವರ ಪಟಗಳ ಪಕ್ಕದಲ್ಲಿ, ಸ್ವಲ್ಪ ಮುಂದಕ್ಕೆ ಬಾಗಿದಂತೆ ತೂಗುಹಾಕಿದ ಒಂದು ಹಳೆಯ ಫೋಟೋ ಇರಬಹುದು. ಅದರ ಹಿಂಬದಿಯಲ್ಲಿ ಹಿರಿಯರ ಹೆಸರುಗಳನ್ನು ಯಾರೋ ಕನ್ನಡದಲ್ಲಿ ಬರೆದಿರುತ್ತಾರೆ, ಇನ್ಯಾರೋ ತೆಲುಗಿನಲ್ಲಿ ಸೇರಿಸಿರುತ್ತಾರೆ. ಕಲ್ಯಾಣದುರ್ಗದ ಕಡೆಯ ನಮ್ಮ ಮನೆಯಲ್ಲೂ ಅಂಥದ್ದೊಂದು ಇದೆ. ಮನೆಯ ಮುಂದೆ ಹತ್ತು ಹನ್ನೆರಡು ಮಂದಿ ಸಾಲಾಗಿ ಕುಳಿತಿದ್ದಾರೆ. ಎಲ್ಲರ ಮುಖವೂ ಸ್ಪಷ್ಟ, ನಮ್ಮ ಅಜ್ಜಿಯದೊಂದನ್ನು ಬಿಟ್ಟು. ಕೊಟ್ಟಿಗೆಯಲ್ಲಿ ಎಮ್ಮೆ ಕೂಗಿತೆಂದು ಆಕೆ ತಟ್ಟನೆ ಆ ಕಡೆ ತಿರುಗಿದಳಂತೆ. ಮುಖವಿರಬೇಕಾದ ಜಾಗದಲ್ಲಿ ಒಂದು ಮಸುಕು ಮಾತ್ರ ಉಳಿದಿದೆ. ಆಕೆಯದು ಬೇರೆ ಫೋಟೋ ಇಲ್ಲ. ನಾನು ನನ್ನ ಅಜ್ಜಿಯ ಮುಖವನ್ನು ಕಂಡಿಲ್ಲ.

ಒಂದು ಮುಖವನ್ನು ಹಿಡಿಯಲು ಎಷ್ಟು ಹೊತ್ತು ಬೇಕು? ಫೋಟೋ ಲೆನ್ಸಿನ ಚರಿತ್ರೆಯೆಲ್ಲ ಈ ಒಂದು ಪ್ರಶ್ನೆಯ ಸುತ್ತ ಬೆಳೆದದ್ದು. ಇವತ್ತು ಆ ಕಥೆಯನ್ನೇ ನಿಮಗೆ ಹೇಳಬೇಕೆಂದಿದ್ದೇನೆ.

ಮೊದಲು ನಮ್ಮ ಲೇಪಾಕ್ಷಿಗೆ ಹೋಗೋಣ. ಹಿಂದೂಪುರದಿಂದ ಸುಮಾರು 15 ಕಿಲೋಮೀಟರು. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ, ಎಂದರೆ 16ನೇ ಶತಮಾನದಲ್ಲಿ, ವಿರೂಪಣ್ಣ, ವೀರಣ್ಣ ಎಂಬ ಅಣ್ಣತಮ್ಮಂದಿರು ಕಟ್ಟಿಸಿದ ವೀರಭದ್ರನ ಗುಡಿ ಅದು. ಅಲ್ಲಿ ಕನ್ನಡ ಶಾಸನಗಳಿವೆ. ತಲೆ ಎತ್ತಿ ನೋಡಿದರೆ ಛಾವಣಿಯಲ್ಲಿ ಬಣ್ಣದ ಚಿತ್ರಗಳು. ಗುಡಿ ಕಟ್ಟಿಸಿದ ಅಣ್ಣತಮ್ಮಂದಿರೂ ತಮ್ಮ ಪರಿವಾರದೊಡನೆ ಅಲ್ಲಿ ಕೈಮುಗಿದು ನಿಂತಿದ್ದಾರೆ. ಚಿತ್ರಗಾರನಿಗೆ ಹೊತ್ತಿನ ಅವಸರವಿರಲಿಲ್ಲ. ಆದರೆ ತನ್ನ ಮುಖ ಉಳಿಯಬೇಕೆಂದರೆ ಆ ದಿನ ಗುಡಿ ಕಟ್ಟಿಸುವಷ್ಟು ಶ್ರೀಮಂತನಾಗಿರಬೇಕಿತ್ತು. ಕಲ್ಲು ಹೊತ್ತವನ ಮುಖ, ಸುಣ್ಣ ಅರೆದವಳ ಮುಖ ಯಾವ ಛಾವಣಿಗೂ ಏರಲಿಲ್ಲ.

ಇನ್ನು 1839ಕ್ಕೆ ಬನ್ನಿ. ಪ್ಯಾರಿಸ್ಸಿನಲ್ಲಿ ಡಾಗೇರ್ ಎಂಬಾತ ಬೆಳ್ಳಿ ಬಳಿದ ತಾಮ್ರದ ತಗಡಿನ ಮೇಲೆ ಬೆಳಕಿನಿಂದಲೇ ಚಿತ್ರ ಮೂಡಿಸುವ ವಿಧಾನವನ್ನು ಲೋಕಕ್ಕೆ ತಿಳಿಸಿದ ವರ್ಷ ಅದು. ಆದರೆ ಅವನ ಲೆನ್ಸಿನ ಕಂಡಿ ಬಹಳ ಚಿಕ್ಕದು. ಒಳ್ಳೆಯ ಬಿಸಿಲಿನಲ್ಲೂ ಹಲವು ನಿಮಿಷ ಬೇಕಾಗುತ್ತಿತ್ತು. ಕಟ್ಟಡ, ಕಂಬ, ವಿಗ್ರಹ ಅಲುಗಾಡುವುದಿಲ್ಲವಾದ್ದರಿಂದ ಅವು ಚೆನ್ನಾಗಿ ಬರುತ್ತಿದ್ದವು. ಮನುಷ್ಯ ಬರುತ್ತಿರಲಿಲ್ಲ. ಕೂತವನ ತಲೆಯ ಹಿಂದೆ ಕಬ್ಬಿಣದ ಆನಿಕೆ ಕೊಟ್ಟು ನಿಲ್ಲಿಸುತ್ತಿದ್ದರು. ನಮ್ಮ ಕಡೆಯೂ ಹಾಗೆಯೇ ಆಯಿತು. 1854ರಲ್ಲಿ ಲಿನ್ನೇಯಸ್ ಟ್ರೈಪ್ ಎಂಬ ಮದ್ರಾಸು ಸೈನ್ಯದ ಅಧಿಕಾರಿ ಮೈಸೂರು ಸೀಮೆಗೆ ಬಂದು ಬೇಲೂರು, ಹಳೇಬೀಡಿನ ಗುಡಿಗಳ ಫೋಟೋ ತೆಗೆದ. ಕಲ್ಲಿನ ಮುಖಗಳು ನಿಚ್ಚಳವಾಗಿ ಬಂದವು. ಕಲ್ಲಿಗೆ ಎಮ್ಮೆ ಕೂಗಿದರೂ ಚಿಂತೆಯಿಲ್ಲವಲ್ಲ!

ಲೆನ್ಸಿನ ವೇಗ ಎಂದರೇನು ಎಂದು ಇಲ್ಲಿ ತಿಳಿದುಕೊಳ್ಳೋಣ. ಮಳೆಯಲ್ಲಿ ಎರಡು ಪಾತ್ರೆ ಇಟ್ಟಿದ್ದೀರಿ ಎನ್ನಿ. ಒಂದು ಕಿರಿದಾದ ಬಾಯಿಯ ಬಿಂದಿಗೆ, ಇನ್ನೊಂದು ಅಗಲ ಬಾಯಿಯ ಕೊಪ್ಪರಿಗೆ. ಒಂದೇ ಹೊತ್ತಿನಲ್ಲಿ ಹೆಚ್ಚು ನೀರು ಹಿಡಿಯುವುದು ಅಗಲ ಬಾಯಿಯದು. ಲೆನ್ಸಿನ ಸಂಗಮದೂರವನ್ನು ಅದರ ಕಂಡಿಯ ಅಗಲದಿಂದ ಭಾಗಿಸಿದರೆ ಬರುವುದೇ ಎಫ್ ಸಂಖ್ಯೆ. ಸಂಖ್ಯೆ ಚಿಕ್ಕದಾದಷ್ಟೂ ಕಂಡಿ ದೊಡ್ಡದು, ಬೆಳಕು ಹೆಚ್ಚು, ಕೆಲಸ ಬೇಗ. ಅದಕ್ಕೇ ಅಂಥದನ್ನು ವೇಗದ ಲೆನ್ಸು ಎನ್ನುತ್ತಾರೆ.

ಈ ವೇಗವನ್ನು ಮೊದಲು ತಂದುಕೊಟ್ಟವನು ಕ್ಯಾಮರಾ ಹಿಡಿದವನಲ್ಲ, ಗಣಿತದ ಮೇಷ್ಟ್ರು. ಹೆಸರು ಯೋಸೆಫ್ ಪೆಟ್ಸ್‌ವಾಲ್. ಹುಟ್ಟಿದ್ದು 1807ರಲ್ಲಿ, ಅಂದು ಹಂಗೇರಿಗೆ ಸೇರಿದ್ದು ಇಂದು ಸ್ಲೊವಾಕಿಯದಲ್ಲಿರುವ ಒಂದು ಊರಿನಲ್ಲಿ. ಅವನೂ ನಮ್ಮ ಹಾಗೆ ಗಡಿ ಬದಲಾದ ಸೀಮೆಯವನೇ ಅನ್ನಿ. ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿದ್ದ. ಗಾಜನ್ನು ಅಂದಾಜಿನಲ್ಲಿ ಉಜ್ಜಿ ನೋಡುವ ಬದಲು, ಬೆಳಕಿನ ಕಿರಣ ಎಲ್ಲಿ ಎಷ್ಟು ಬಾಗುತ್ತದೆಂದು ಲೆಕ್ಕ ಹಾಕಿಯೇ ಲೆನ್ಸನ್ನು ರೂಪಿಸಿದ. ಲೆಕ್ಕ ಅಪಾರವಾಗಿತ್ತು. ಫಿರಂಗಿ ದಳದಲ್ಲಿ ಗುಂಡಿನ ದಾರಿಯನ್ನು ಲೆಕ್ಕಹಾಕಿ ಪಳಗಿದ ಸೈನಿಕರನ್ನು ಅವನ ನೆರವಿಗೆ ಕೊಟ್ಟರು. 1840ರಲ್ಲಿ ಎಫ್ 3.6ರ ಆ ಲೆನ್ಸು ಸಿದ್ಧವಾಯಿತು. ಫಾಯ್ಕ್‌ಟ್‌ಲೆಂಡರ್ ಎಂಬ ಕಂಪನಿ ಅದನ್ನು ತಯಾರಿಸಿ ಮಾರಿತು. ಎಫ್ 16ರ ಲೆನ್ಸಿಗೆ ಹೋಲಿಸಿದರೆ ಇದರಲ್ಲಿ ಬೆಳಕು ಸುಮಾರು 20 ಪಟ್ಟು. ಹಲವು ನಿಮಿಷಗಳ ಕೆಲಸ ಒಂದು ನಿಮಿಷದ ಆಸುಪಾಸಿಗೆ ಇಳಿಯಿತು. ಮನುಷ್ಯ ಉಸಿರು ಬಿಗಿಹಿಡಿದು ಕೂರಬಹುದಾದಷ್ಟು ಹೊತ್ತಿನ ಹತ್ತಿರಕ್ಕೆ ಬಂದಿತು. ಈ ಲೆನ್ಸಿಗೊಂದು ಗುಣವಿತ್ತು: ನಡುವೆ ಮುಖ ನಿಚ್ಚಳ, ಅಂಚಿಗೆ ಹೋದಂತೆ ಎಲ್ಲವೂ ಸುಳಿ ಸುಳಿಯಾಗಿ ಮಸುಕು. ಅದು ದೋಷವೇ. ಆದರೆ ನೋಡುವವರ ಕಣ್ಣು ಮುಖದ ಮೇಲೆಯೇ ನಿಲ್ಲುತ್ತಿತ್ತು.

ಅಲ್ಲಿಂದಾಚೆ ಒಂದು ಕಡೆ ಲೆನ್ಸು, ಇನ್ನೊಂದು ಕಡೆ ಪ್ಲೇಟು ಮತ್ತು ಫಿಲಂ, ಎರಡೂ ವೇಗವಾಗುತ್ತ ಬಂದವು. ನಮ್ಮ ತೆಲುಗು ಸೀಮೆಯಲ್ಲಿ ಈ ಕಲೆಗೆ ದೊಡ್ಡ ಹೆಸರೆಂದರೆ ಲಾಲಾ ದೀನ್ ದಯಾಳ್. 1844ರಲ್ಲಿ ಹುಟ್ಟಿ 1905ರಲ್ಲಿ ತೀರಿಕೊಂಡ ಅವರು ಆರನೆಯ ನಿಜಾಮರ ಆಸ್ಥಾನದ ಛಾಯಾಗ್ರಾಹಕರು. 1892ರಲ್ಲಿ ಹೈದರಾಬಾದಿನಲ್ಲಿ ಹೆಂಗಸರಿಗೆಂದೇ ಬೇರೆ ಸ್ಟುಡಿಯೋ ತೆರೆದರು. ಹೆಣ್ಣುಮಕ್ಕಳ ಮುಖವೂ ಉಳಿಯಬೇಕೆಂದು ಯೋಚಿಸಿದವರು ಅವರು. ಆದರೆ ಅದೂ ಸಿರಿವಂತರ ಮನೆಯ ಮಾತು.

1924ರಲ್ಲಿ ಜರ್ಮನಿಯಲ್ಲಿ ಎರ್ನೊಸ್ಟಾರ್ ಎಂಬ ಎಫ್ 2ರ ಲೆನ್ಸು ಬಂದಿತು. ಎರ್ಮಾನಾಕ್ಸ್ ಎಂಬ ಪುಟ್ಟ ಕ್ಯಾಮರಾಕ್ಕೆ ಅದನ್ನು ಕೂಡಿಸಿದ್ದರು. ಎರಿಕ್ ಸಾಲೊಮನ್ ಎಂಬ ಪತ್ರಿಕಾ ಛಾಯಾಗ್ರಾಹಕ ಅದನ್ನು ಹಿಡಿದು ನ್ಯಾಯಾಲಯದೊಳಗೆ, ಸಭೆಗಳೊಳಗೆ ಇದ್ದ ಬೆಳಕಿನಲ್ಲೇ ಜನರ ಮುಖ ತೆಗೆದ. 1984ರಲ್ಲಿ ಸ್ಟೀವ್ ಮೆಕ್‌ಕರಿ ಪಾಕಿಸ್ತಾನದ ನಿರಾಶ್ರಿತರ ಶಿಬಿರದಲ್ಲಿ ತೆಗೆದ ಹಸಿರು ಕಣ್ಣಿನ ಆಫ್ಘನ್ ಹುಡುಗಿಯ ಚಿತ್ರವನ್ನು ನೀವು ನೋಡಿರಬಹುದು. ಅದನ್ನು ತೆಗೆದದ್ದು ನಿಕಾನಿನ 105 ಮಿ.ಮೀ., ಎಫ್ 2.5ರ ಲೆನ್ಸಿನಿಂದ. ಸಿರಿವಂತರದ್ದಲ್ಲದ, ಊರೇ ಇಲ್ಲದ ಒಂದು ಮಗುವಿನ ಮುಖ ಲೋಕವೆಲ್ಲ ತಿರುಗಿತು.

ನಮ್ಮ ಹಳ್ಳಿಗಳಲ್ಲಿ? ಮದುವೆಗೆ, ತಿಥಿಗೆ, ಸೈನ್ಯಕ್ಕೆ ಸೇರುವಾಗ ಒಂದು ಫೋಟೋ. ತೆಗೆಸಿಕೊಂಡರೆ ಆಯುಸ್ಸು ಕಡಿಮೆಯಾಗುತ್ತದೆ ಎಂಬ ಹೆದರಿಕೆ ಬೇರೆ. 1993ರಲ್ಲಿ ಚುನಾವಣಾ ಆಯೋಗ ಭಾವಚಿತ್ರವಿರುವ ಗುರುತಿನ ಚೀಟಿಯನ್ನು ಜಾರಿಗೆ ತಂದಾಗ ಎಷ್ಟೋ ಅಜ್ಜಿಯರು ಮೊದಲ ಸಲ ಕ್ಯಾಮರಾದ ಮುಂದೆ ಕೂತರು. ನಮ್ಮ ಮಾತನ್ನೇ ಗಮನಿಸಿ. ಕನ್ನಡದಲ್ಲಿ ನಾವು ಫೋಟೋ ‘ತೆಗೆಸಿಕೊಂಡೆವು’ ಎನ್ನುತ್ತೇವೆ. ತೆಲುಗಿನಲ್ಲಿ ಫೋಟೋ ‘ದಿಗಾಮು’ ಎನ್ನುತ್ತೇವೆ, ಎಂದರೆ ಇಳಿದೆವು. ಬಾವಿಗೆ ಇಳಿದ ಹಾಗೆ, ಕೆರೆಗೆ ಇಳಿದ ಹಾಗೆ, ಚಿತ್ರದೊಳಗೆ ಇಳಿಯುವುದು. ಎರಡು ಮಾತೂ ನಮ್ಮವೇ, ಎರಡರಲ್ಲೂ ಸತ್ಯವಿದೆ.

ಈಗ ಇಂದಿನ ಸಂಗತಿಗೆ ಬರುತ್ತೇನೆ. ಹಿಂದೂಪುರದಲ್ಲಿ ಮದುವೆ ಫೋಟೋ ತೆಗೆಯುವ ನನ್ನ ಅಕ್ಕನ ಮಗ ಒಂದು ದಿನ ಬಂದು, “ಮಾಮ, ಹೊಸ ಲೆನ್ಸು ತಗೋಬೇಕು. ಎಫ್ 1.2 ತಗೊಳ್ಲಾ, ಎಫ್ 1.8 ಸಾಕಾ?” ಎಂದು ಕೇಳಿದ. ಅವನದು ಕನ್ನಡಿಯಿಲ್ಲದ ಕ್ಯಾಮರಾ, ಮಿರರ್‌ಲೆಸ್ ಎನ್ನುತ್ತಾರೆ. ಹಳೆಯ ಎಸ್‌ಎಲ್‌ಆರ್ ಕ್ಯಾಮರಾದಲ್ಲಿ ಲೆನ್ಸಿಗೂ ಫಿಲಮ್ಮಿಗೂ ನಡುವೆ ಓರೆಯಾಗಿ ನಿಂತ ಒಂದು ಕನ್ನಡಿ ಇರುತ್ತಿತ್ತು. ಅದು ಎದ್ದು ಬೀಳಲು ಜಾಗ ಬೇಕು. 2008ರಲ್ಲಿ ಪ್ಯಾನಸೋನಿಕ್ ಆ ಕನ್ನಡಿಯನ್ನು ತೆಗೆದುಹಾಕಿದ ಕ್ಯಾಮರಾವನ್ನು ಮಾರುಕಟ್ಟೆಗೆ ತಂದಿತು. 2013ರಲ್ಲಿ ಸೋನಿ ದೊಡ್ಡ ಸೆನ್ಸರಿನದನ್ನು ತಂದಿತು; 2018ರಲ್ಲಿ ನಿಕಾನ್, ಕ್ಯಾನನ್‌ಗಳೂ ಅದೇ ದಾರಿ ಹಿಡಿದವು. ನಿಕಾನಿನಲ್ಲಿ ಲೆನ್ಸು ಕೂರುವ ಜಾಗದಿಂದ ಫಿಲಮ್ಮಿನವರೆಗೆ 46.5 ಮಿ.ಮೀ. ದೂರವಿದ್ದದ್ದು ಹೊಸದರಲ್ಲಿ 16 ಮಿ.ಮೀ. ಆಯಿತು. ಹಿಂಬದಿಯ ಗಾಜನ್ನು ಸೆನ್ಸರಿನ ಹತ್ತಿರಕ್ಕೆ ತರಲು ಸಾಧ್ಯವಾದ್ದರಿಂದ ದೊಡ್ಡ ಕಂಡಿಯ ಲೆನ್ಸನ್ನು ಅಂಚಿನವರೆಗೂ ನಿಚ್ಚಳವಾಗಿ ಮಾಡುವುದು ಸುಲಭವಾಯಿತು. ಅದಕ್ಕಿಂತ ಮುಖ್ಯವಾದದ್ದು, ಸೆನ್ಸರೇ ಮುಖವನ್ನು ನೋಡಿ, ಕಣ್ಣನ್ನು ಗುರುತಿಸಿ, ಅದರ ಮೇಲೆ ಫೋಕಸ್ ಮಾಡುತ್ತದೆ.

ಮುಖಕ್ಕೆ 85 ಮಿ.ಮೀ. ಲೆನ್ಸೇ ಏಕೆ ಎಂದರೆ, ಅದನ್ನು ಹಿಡಿದವನು ಎರಡು ಹೆಜ್ಜೆ ದೂರ ನಿಲ್ಲಬೇಕಾಗುತ್ತದೆ. ತೀರ ಹತ್ತಿರದಿಂದ ತೆಗೆದರೆ ಮೂಗು ದಪ್ಪ, ಕಿವಿ ಚಿಕ್ಕದು. ದೂರದಿಂದ ತೆಗೆದರೆ ಮುಖ ನಮಗೆ ಗೊತ್ತಿರುವ ಮುಖದ ಹಾಗಿರುತ್ತದೆ.

ನಿಕಾನಿನ ಎರಡನ್ನು ಹೋಲಿಸೋಣ. 2019ರ 85 ಮಿ.ಮೀ. ಎಫ್ 1.8ರ ಲೆನ್ಸು 470 ಗ್ರಾಂ ತೂಗುತ್ತದೆ. 2023ರ ಎಫ್ 1.2 ಲೆನ್ಸು 1,160 ಗ್ರಾಂ; ಬೆಲೆ ಮೂರು ಪಟ್ಟಿಗೂ ಮೇಲೆ. ಕ್ಯಾನನ್ ಕಂಪನಿಯ 2019ರ ಎಫ್ 1.2 ಇನ್ನೂ ಸ್ವಲ್ಪ ಭಾರ, 1,195 ಗ್ರಾಂ. ಸೋನಿಯ 2017ರ ಎಫ್ 1.8 ಬರೀ 371 ಗ್ರಾಂ. ಇಷ್ಟು ಕೊಟ್ಟು, ಇಷ್ಟು ಹೊತ್ತು, ಸಿಗುವ ಬೆಳಕು ಎಷ್ಟು ಹೆಚ್ಚು? ಎರಡೂಕಾಲು ಪಟ್ಟು. ಪೆಟ್ಸ್‌ವಾಲನ ಮೇಷ್ಟ್ರುಲೆಕ್ಕ ತಂದ 20 ಪಟ್ಟಿನ ಎದುರಿಗೆ ಇದು ಚಿಕ್ಕದು. ಇನ್ನೊಂದು ತೊಡಕಿದೆ. ಒಂದೂವರೆ ಮೀಟರು ದೂರದಿಂದ ತೆಗೆದಾಗ ಎಫ್ 1.2ರಲ್ಲಿ ನಿಚ್ಚಳವಾಗಿ ಉಳಿಯುವುದು ಸುಮಾರು 2 ಸೆಂಟಿಮೀಟರಿನಷ್ಟು ಆಳ ಮಾತ್ರ. ಎಫ್ 1.8ರಲ್ಲಿ 3 ಸೆಂಟಿಮೀಟರು. ಕಣ್ಣು ನಿಚ್ಚಳವಾದರೆ ಕಿವಿಯ ಓಲೆ ಮಸುಕು. ಮದುವಣಗಿತ್ತಿಯ ಓಲೆ ಮಸುಕಾದರೆ ಅವಳ ತಾಯಿ ಸುಮ್ಮನಿರುತ್ತಾಳೆಯೇ?

ಹುಡುಗ ಎಫ್ 1.2 ಲೆನ್ಸನ್ನು ಒಂದು ದಿನದ ಬಾಡಿಗೆಗೆ ತಂದು ನಮ್ಮ ತಾಯಿಯ ಫೋಟೋ ತೆಗೆದ. ಹಣೆಯ ಒಂದೊಂದು ಗೆರೆಯೂ ಬಂದಿತ್ತು. ನನ್ನ ಕಣ್ಣು ತೇವವಾಯಿತು. ತಾಯಿ ಮಾತ್ರ ಬಹಳ ಹೊತ್ತು ನೋಡಿ, “ಚೆನ್ನಾಗೈತೆ ಕಣಪ್ಪಾ, ಆದ್ರೆ ನಮ್ಮನೆ ಎಲ್ಲೋಯ್ತು?” ಎಂದಳು. ಆಕೆ ಕುಳಿತದ್ದು ಹುಟ್ಟಿದ ಮನೆಯ ಹೊಸ್ತಿಲ ಮುಂದೆ. ಚಿತ್ರದಲ್ಲಿ ಹೊಸ್ತಿಲೂ ಇಲ್ಲ, ಕಲ್ಲು ಕಂಬವೂ ಇಲ್ಲ. ಬೆಣ್ಣೆ ಕರಗಿದಂಥ ಬಣ್ಣ ಮಾತ್ರ.

ಆಗ ನನಗೆ ಗೋಡೆಯ ಮೇಲಿನ ಹಳೆಯ ಫೋಟೋ ನೆನಪಾಯಿತು. ಸಾಲಿನಲ್ಲಿ ಕುಳಿತ ಎಲ್ಲರೂ ನಿಚ್ಚಳವಾಗಿ ಬರಬೇಕೆಂದು ಆ ಫೋಟೋದವನು ಲೆನ್ಸಿನ ಕಂಡಿಯನ್ನು ಕಿರಿದು ಮಾಡಿದ್ದ. ಕಿರಿದು ಮಾಡಿದ್ದಕ್ಕೆ ಹೆಚ್ಚು ಹೊತ್ತು ಬೇಕಾಯಿತು. ಹೆಚ್ಚು ಹೊತ್ತಾದ್ದಕ್ಕೆ ಅಜ್ಜಿ ಮಸುಕಾದಳು. ಆದರೆ ಅದೇ ಕಾರಣದಿಂದ ಮನೆ ಉಳಿಯಿತು. ಬಾಗಿಲ ಮೇಲಿನ ತೋರಣ, ಜಗಲಿ, ಅಜ್ಜಿಯ ಕೈಬಳೆ ಎಲ್ಲವೂ ಕಾಣುತ್ತವೆ. ವೇಗದ ಲೆನ್ಸು ಹುಟ್ಟಿದ್ದು ಮುಖವನ್ನು ಉಳಿಸಲು. ಇಂದು ಬೆಳಕಿನ ಕೊರತೆಯನ್ನು ಸೆನ್ಸರೇ ಬಹುಮಟ್ಟಿಗೆ ನೀಗಿಸುವುದರಿಂದ, ಅದನ್ನು ಕೊಳ್ಳುವುದು ಹೆಚ್ಚಾಗಿ ಹಿನ್ನೆಲೆಯನ್ನು ಅಳಿಸಲು.

ಗಡಿಯವರಾದ ನಮಗೆ ಹಿನ್ನೆಲೆ ಸಣ್ಣ ಮಾತಲ್ಲ. ಆ ಫೋಟೋದಲ್ಲಿರುವವರು ಮದ್ರಾಸು ಪ್ರಾಂತ್ಯದಲ್ಲಿ ಹುಟ್ಟಿ, 1953ರಲ್ಲಿ ಆಂಧ್ರ ರಾಜ್ಯಕ್ಕೆ, 1956ರಲ್ಲಿ ಆಂಧ್ರಪ್ರದೇಶಕ್ಕೆ ಸೇರಿದವರು, ಮನೆ ಬಿಟ್ಟು ಕದಲದೆ. 2022ರಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಕಾಗದದ ಮೇಲೆ ವಿಳಾಸ ಬದಲಾಗುತ್ತಲೇ ಇರುತ್ತದೆ. ಎರಡು ಲಿಪಿಯ ಅಂಗಡಿ ಹಲಗೆ, ಕಡಲೆಕಾಯಿ ಹೊಲ, ಹುಣಸೆ ಮರ, ಬಾಗಿಲ ಮೇಲಿನ ಬರಹ, ಇವೇ ನಾವು ಯಾರೆಂದು ಹೇಳುವ ಸಾಕ್ಷಿ.

ಅಕ್ಕನ ಮಗನಿಗೆ ನಾನು ಹೇಳಿದ್ದು ಇಷ್ಟೇ: “ಎಫ್ 1.8 ಸಾಕಪ್ಪಾ, ಉಳಿದ ದುಡ್ಡಿನಲ್ಲಿ ಫೋಟೋ ಅಚ್ಚು ಹಾಕಿಸು. ಒಂದು ಸಲ ಕಂಡಿ ಅಗಲ ಮಾಡಿ ಮುಖ ತೆಗಿ. ಆಮೇಲೆ ಎಫ್ 8ಕ್ಕೆ ಇಳಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು ಮನೆ ಸಮೇತ ಇನ್ನೊಂದು ತೆಗಿ.”

ಕೇಳುಗರೇ, ನಿಮಗೂ ಇದೇ ವಿನಂತಿ. ನಿಮ್ಮ ಮನೆಯಲ್ಲಿ ವಯಸ್ಸಾದವರಿದ್ದರೆ ಈ ವಾರ ಅವರನ್ನು ಹೊಸ್ತಿಲ ಮುಂದೆ ಕೂರಿಸಿ ಎರಡು ಫೋಟೋ ತೆಗೆಸಿ. ಕೈಯಲ್ಲಿರುವ ಮೊಬೈಲ್ ಆದರೂ ಸರಿ. ಹಿಂಬದಿಯಲ್ಲಿ ಹೆಸರು, ಊರು, ವರ್ಷ ಬರೆದಿಡಿ, ಕನ್ನಡದಲ್ಲೂ ತೆಲುಗಿನಲ್ಲೂ. ಎಮ್ಮೆ ಕೂಗಿದರೆ ಚಿಂತೆ ಬೇಡ. ಈಗಿನ ಲೆನ್ಸು ಅಷ್ಟು ಹೊತ್ತು ತೆಗೆದುಕೊಳ್ಳುವುದಿಲ್ಲ.