ಲೈಪ್‌ಜಿಗ್ 1960: ಫ್ರೆಂಚ್ ಡಿಫೆನ್ಸ್‌ನ ಒಂದು ಡ್ರಾ

1960ರಲ್ಲಿ ಪೂರ್ವ ಜರ್ಮನಿಯ ಲೈಪ್‌ಜಿಗ್‌ನಲ್ಲಿ ನಡೆದ ಚೆಸ್ ಒಲಿಂಪಿಯಾಡ್‌ನಲ್ಲಿ, ಅಂದರೆ ರಾಷ್ಟ್ರಗಳ ತಂಡಗಳು ಸೆಣಸುವ ಟೂರ್ನಿಯಲ್ಲಿ, ಅಮೆರಿಕದ 17 ವರ್ಷದ ಬಾಬಿ ಫಿಶರ್ ಮತ್ತು ಅದೇ ವರ್ಷ ವಿಶ್ವ ಚಾಂಪಿಯನ್ ಆಗಿದ್ದ ಸೋವಿಯತ್ ಒಕ್ಕೂಟದ ಮಿಖಾಯಿಲ್ ತಾಲ್ ನಡುವಿನ ಆಟ 21 ನಡೆಗಳಲ್ಲಿ ಡ್ರಾ ಆಯಿತು. ಇಷ್ಟು ಬೇಗ ಮುಗಿದ ಡ್ರಾ ಎಂದರೆ ಮೊದಲೇ ಮಾತಾಡಿಕೊಂಡ ರಾಜಿಯೆಂಬ ಗುಮಾನಿ ಏಳುವುದು ಸಹಜವಾದರೂ, ಹಿಂದಿನ ವರ್ಷದ ಕ್ಯಾಂಡಿಡೇಟ್ಸ್ ಟೂರ್ನಿಯಲ್ಲಿ ತಾಲ್ ಎದುರು ಆಡಿದ ನಾಲ್ಕೂ ಆಟಗಳನ್ನು ಸೋತಿದ್ದ ಫಿಶರ್‌ಗೆ ರಾಜಿಯ ಮನಸ್ಸಿರಲು ಕಾರಣವೇ ಇರಲಿಲ್ಲ.

ಬಿಳಿ ಕಾಯಿ ಹಿಡಿದ ಫಿಶರ್ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದರೆ, ತಾಲ್ ತಮ್ಮ ರಾಜನ ಮುಂದಿನ ಕಾಲಾಳನ್ನು ಒಂದೇ ಮನೆ ಸರಿಸಿದರು. ಇದೇ ಫ್ರೆಂಚ್ ಡಿಫೆನ್ಸ್. 1834ರಲ್ಲಿ ಆರಂಭವಾದ ಲಂಡನ್–ಪ್ಯಾರಿಸ್ ಅಂಚೆ ಪಂದ್ಯದಲ್ಲಿ ಪ್ಯಾರಿಸ್‌ನವರು ಆಡಿದ್ದರಿಂದ ಬಂದ ಹೆಸರು. ನಡುವೆ ಕಾಲಾಳುಗಳನ್ನು ಭದ್ರವಾಗಿ ನಿಲ್ಲಿಸಿ, ಬಿಳಿಯ ಒತ್ತಡವನ್ನು ತಾಳಿಕೊಂಡು, ಸಮಯ ನೋಡಿ ತಿರುಗಿಬೀಳುವುದು ಇದರ ಜಾಯಮಾನ. ಆದರೆ 19ನೇ ಶತಮಾನದ ಪೋಲಿಷ್ ಆಟಗಾರ ವಿನಾವರ್ ಅವರ ಹೆಸರಿನ ಕವಲಿನಲ್ಲಿ ಕಪ್ಪು ಒಂಟೆ ಮೂರನೆಯ ನಡೆಯಲ್ಲೇ ಹೊರಬಿದ್ದು ಬಿಳಿ ಕುದುರೆಯನ್ನು ಕಟ್ಟಿಹಾಕುತ್ತದೆ. ಆ ಒಂಟೆ ಕಾಯಬೇಕಿದ್ದ ರಾಜನ ಬದಿಯ ಕಾಲಾಳು ಅನಾಥವಾಗುತ್ತದೆ. ಬಿಳಿ ರಾಣಿ ಅತ್ತ ನುಗ್ಗಿದರೆ ಏನಾಗುತ್ತದೆಂಬುದನ್ನು ತಾಲ್‌ಗೆ ಯಾರೂ ಹೇಳಿಕೊಡಬೇಕಿರಲಿಲ್ಲ, ಏಕೆಂದರೆ ಕೆಲವೇ ತಿಂಗಳ ಹಿಂದೆ ಬೋತ್ವಿನ್ನಿಕ್ ಎದುರಿನ ವಿಶ್ವ ಪಟ್ಟದ ಮೊದಲ ಆಟದಲ್ಲಿ ಇದೇ ವಿನಾವರ್ ವಿರುದ್ಧ ಬಿಳಿ ಕಾಯಿಗಳಿಂದ ಅವರೇ ಹಾಗೆ ನುಗ್ಗಿ ಗೆದ್ದಿದ್ದರು.

ಲೈಪ್‌ಜಿಗ್‌ನಲ್ಲಿ ಫಿಶರ್‌ರ ರಾಣಿ ಹತ್ತನೆಯ ನಡೆಯೊಳಗೆ ಆ ಬದಿಯ ಎರಡು ಕಾಲಾಳುಗಳನ್ನು ಕಬಳಿಸಿತು. ಕಪ್ಪಿನ 14ನೇ ನಡೆಯಿಂದ ಬಿಳಿಯ 21ನೇ ನಡೆಯವರೆಗೆ, 19ನೇ ನಡೆಯೊಂದನ್ನು ಬಿಟ್ಟರೆ, ಇಬ್ಬರ ಪ್ರತಿ ನಡೆಯಲ್ಲೂ ಒಂದೊಂದು ಕಾಯಿ ಉರುಳಿತು: ಬಿಳಿ ಕುದುರೆ ಒಂದು ಆನೆಯನ್ನು (ರೂಕ್) ಹೊಡೆಯುವಷ್ಟರಲ್ಲಿ ಕಪ್ಪು ಒಂಟೆ ಎದುರಾಳಿಯ ಆನೆಯೊಂದನ್ನು ಮುಗಿಸಿತ್ತು, ಉಳಿದ ಕಪ್ಪು ಆನೆ ಬಿಳಿ ರಾಜನ ಪಕ್ಕದ ಮನೆಗೇ ನುಗ್ಗಿ ಪ್ರಾಣ ಕೊಟ್ಟಿತು. ಕೊನೆಗೆ ಕಪ್ಪು ಕುದುರೆಗೆ ಎದುರಾಗಿ ಬಿಳಿಯ ಬಳಿ ಆನೆಯಿದ್ದರೂ, ಅಂದರೆ ಬಲ ಹೆಚ್ಚಿದ್ದರೂ, ತಾಲ್‌ರ ರಾಣಿ ಬಯಲಾದ ರಾಜನಿಗೆ ಬಿಡದೆ ಚೆಕ್ ಕೊಡಬಲ್ಲದಾಗಿತ್ತು. ಹೀಗೆ ಮುಗಿಯದ ಚೆಕ್‌ನಿಂದ ತಪ್ಪಿಸಿಕೊಳ್ಳಲಾಗದಿದ್ದಾಗ ಆಟ ಡ್ರಾ ಆಗುತ್ತದೆ. ಗೆಲುವಿಗಾಗಿ ಇಬ್ಬರೂ ಇದ್ದಬದ್ದುದನ್ನೆಲ್ಲ ಪಣವಿಟ್ಟ ಇಂಥ ಆಟಕ್ಕೆ ಅಂಕಪಟ್ಟಿಯಲ್ಲಿ ಸಿಗುವುದು, ನೀರಸ ರಾಜಿಗೆ ಸಿಗುವಂತೆಯೇ, ತಲಾ ಅರ್ಧ ಅಂಕ.

ಫಿಶರ್ 1969ರಲ್ಲಿ ಪ್ರಕಟಿಸಿದ ತಮ್ಮ 60 ಆಯ್ದ ಆಟಗಳ ಪುಸ್ತಕದಲ್ಲಿ ಇದಕ್ಕೆ ಜಾಗ ಕೊಟ್ಟರು. ವಿನಾವರ್ ಮಾತ್ರ ಅವರನ್ನು ಕಾಡುವುದನ್ನು ಬಿಡಲಿಲ್ಲ: 1970ರ ರೋವಿನ್–ಜಾಗ್ರೆಬ್ ಟೂರ್ನಿಯನ್ನು ಗೆದ್ದಾಗಲೂ ಅವರಿಗೆ ಎದುರಾದ ಒಂದೇ ಒಂದು ಸೋಲು, ಇದೇ ಕವಲನ್ನು ಆಡಿದ ವ್ಲಾಟ್ಕೊ ಕೊವಾಚೆವಿಚ್ ಅವರಿಂದ.