ಆಟಕ್ಕೂ ಒಂದು ಅಂಕಿತ

ಕಲ್ಯಾಣದ ನೆಲದಲ್ಲಿ ನಿಂತು ಆಟದ ಮಾತೆತ್ತಿದರೆ ಶ್ರೋತೃಗಳಿಗೆ ಹಗುರವೆನಿಸಬಹುದು. ಆದರೆ ಆಟಗಳ ಚರಿತ್ರೆಯಲ್ಲಿ ಈ ಊರಿಗೆ ಹಿರಿದಾದ ಸ್ಥಾನವುಂಟು. ಇಂದಿನ ಬಸವಕಲ್ಯಾಣವನ್ನು ರಾಜಧಾನಿಯಾಗಿಸಿಕೊಂಡು ೧೧೨೬ರಿಂದ ೧೧೩೮ರವರೆಗೆ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ 'ಮಾನಸೋಲ್ಲಾಸ'ವನ್ನು ರಚಿಸಿದನು. ನೂರು ಅಧ್ಯಾಯಗಳ ಆ ಗ್ರಂಥದ ಕೊನೆಯ ಇಪ್ಪತ್ತು ಅಧ್ಯಾಯಗಳು ಕ್ರೀಡೆಗಳಿಗೇ ಮೀಸಲು. ಚದುರಂಗ, ಪಗಡೆ, ಕವಡೆಯಾಟಗಳಿಗೆ ಅಲ್ಲಿ ಶಾಸ್ತ್ರದ ಗೌರವ ದೊರೆತಿದೆ. ಆಟಗಳನ್ನು ಕಲೆಹಾಕಿ ಉಳಿಸುವ ಹವ್ಯಾಸ ನಮಗೆ ಹೊಸದಲ್ಲ. ಆದರೆ ಬರೆದ ಅರಸನ ಹೆಸರು ಉಳಿಯಿತು. ದಾಳ ಕಡೆದವರ ಹೆಸರು ಉಳಿಯಲಿಲ್ಲ.

ಅದೇ ಶತಮಾನದಲ್ಲಿ ಅದೇ ಊರಿನಲ್ಲಿ ಬೇರೊಂದು ನೀತಿ ಹುಟ್ಟಿತು. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಕಟ್ಟಿಗೆ ಮಾರುವ ಮೋಳಿಗೆಯ ಮಾರಯ್ಯ ವಚನಕಾರರಾದರು. ಅಂಕಿತ ನೋಡಿ ಇಂದಿಗೂ ನಾವು ಅವರನ್ನು ಗುರುತಿಸುತ್ತೇವೆ. ಈ ಪಾಠವನ್ನು ಮೂವತ್ತು ವರ್ಷ ತರಗತಿಯಲ್ಲಿ ಹೇಳಿದವನು ನಾನು. ಆದರೂ ೧೯೯೦ರ ದಶಕದಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಲ್ಲಿ, ಇಟ್ಟಿಗೆ ಜೋಡಿಸುವ ಅಂಗೈಯಗಲದ ಆಟದ ಯಂತ್ರವೊಂದನ್ನು ಮಗನಿಗೆ ಕೊಡಿಸಿದಾಗ, ಇದನ್ನು ರಚಿಸಿದವರಾರೆಂಬ ಪ್ರಶ್ನೆ ನನಗೆ ಹೊಳೆಯಲಿಲ್ಲ.

ಅದು 'ಟೆಟ್ರಿಸ್' ಎಂಬ ಆಟದ ಅಗ್ಗದ ನಕಲು. ಮಾಸ್ಕೋದ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿದ್ದ ಅಲೆಕ್ಸಿ ಪಜಿಟ್ನೋವ್ ೧೯೮೪ರಲ್ಲಿ ಆ ಆಟವನ್ನು ಕಲ್ಪಿಸಿದರು. ಆಟ ಲೋಕವನ್ನೆಲ್ಲ ಸುತ್ತಿ ಬಂದಿತು. ಅವರಿಗೆ ರಾಯಲ್ಟಿ ದೊರೆಯತೊಡಗಿದ್ದು ಮಾತ್ರ ೧೯೯೬ರಲ್ಲಿ.

ಇದಕ್ಕೂ ಮುನ್ನ ಅಮೆರಿಕದ ಅಟಾರಿ ಸಂಸ್ಥೆ ತನ್ನ ಆಟಗಳ ಮೇಲೆ ಕರ್ತೃವಿನ ಹೆಸರನ್ನು ಮುದ್ರಿಸುತ್ತಿರಲಿಲ್ಲ. ಅಲ್ಲಿ ದುಡಿಯುತ್ತಿದ್ದ ವಾರನ್ ರಾಬಿನೆಟ್ 'ಅಡ್ವೆಂಚರ್' ಆಟದೊಳಗೆ ಯಾರಿಗೂ ತಿಳಿಯದಂತೆ ಗುಪ್ತ ಕೋಣೆಯೊಂದನ್ನು ಕಟ್ಟಿ, ಅದರಲ್ಲಿ ತನ್ನ ಹೆಸರನ್ನು ಬರೆದಿಟ್ಟರು. ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕಿಯೊಂದನ್ನು ಹುಡುಕಿ ತಂದವರಿಗೆ ಮಾತ್ರ ಆ ಕೋಣೆಯ ದಾರಿ ತೆರೆಯುತ್ತಿತ್ತು. ೧೯೭೯ರಲ್ಲಿ ಅಟಾರಿಯನ್ನು ತೊರೆದ ನಾಲ್ವರು ಸೇರಿಕೊಂಡು ಕಟ್ಟಿದ ಆಕ್ಟಿವಿಷನ್ ಸಂಸ್ಥೆ, ಕರ್ತೃವಿನ ಹೆಸರನ್ನು ಬಹಿರಂಗವಾಗಿಯೇ ಅಚ್ಚುಹಾಕಿತು. ಅಂಕಿತವನ್ನು ಕದ್ದು ಬರೆಯಬೇಕಾದ ಕಾಲ ಹೀಗೆ ಕಳೆಯತೊಡಗಿತು.

ಬಸವಕಲ್ಯಾಣದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಜಪಾನು, ಅಮೆರಿಕಗಳ ಹಳೆಯ ವಿಡಿಯೋ ಗೇಮುಗಳನ್ನು ಟ್ರಂಕಿನಲ್ಲಿ ಜೋಪಾನವಾಗಿಟ್ಟಿದ್ದಾನೆ. ಅವನ ಸಂಗ್ರಹವನ್ನು ನಾನು ಹೊಗಳಿದಾಗ ಅವನೆಂದ: "ಸರ್, ಹಳೇ ಕ್ಯಾಸೆಟ್ಟಿಗೆ ಎಷ್ಟ್ ರೊಕ್ಕ ಸುರದ್ರೂ ಮಾರಿದವಗೇ ಮುಟ್ಟತದ್ರಿ, ಮಾಡಿದವಗಲ್ಲ." ಆದುದರಿಂದಲೇ ಹಳೆಯ ಆಟವನ್ನು ಅದರ ಹಕ್ಕುದಾರರು ಮತ್ತೆ ಹೊರತಂದರೆ ಅವನು ಅದನ್ನೂ ಕೊಳ್ಳುತ್ತಾನೆ. ಸಣ್ಣ ತಂಡಗಳ ಹೊಸ ಆಟಗಳಿಗೆ ಪೂರ್ತಿ ಬೆಲೆ ತೆರುತ್ತಾನೆ. ಪ್ರತಿಯೊಂದು ಆಟದ ಕರ್ತೃವಿನ ಹೆಸರನ್ನೂ ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಾನೆ.

ವಸ್ತುವನ್ನು ಕಾಪಿಡುವುದು ಸಂಗ್ರಹದ ಅರ್ಧಭಾಗ. ಅದನ್ನು ಮಾಡಿದ ಕೈಗೆ ಸಲ್ಲಬೇಕಾದುದನ್ನು ಸಲ್ಲಿಸುವುದು ಉಳಿದರ್ಧ. ಕಾಯಕದ ಊರಿನಲ್ಲಿ ಈ ಮಾತನ್ನು ಶಿಷ್ಯನು ಗುರುವಿಗೆ ಹೇಳಿಕೊಡಬೇಕಾಯಿತು. ಅಂದು ಮನೆಗೆ ಮರಳಿದವನೇ ಮಗನ ಆಟದ ಯಂತ್ರವನ್ನು ಹುಡುಕಿ ತೆಗೆದು, ಅದರ ಬೆನ್ನಿಗೆ ಚೀಟಿಯೊಂದನ್ನು ಅಂಟಿಸಿದೆ: 'ರಚನೆ: ಅಲೆಕ್ಸಿ ಪಜಿಟ್ನೋವ್.' ಸಾಲ ತೀರಲಿಲ್ಲ. ಸಾಲಿಗನ ಹೆಸರಾದರೂ ಈಗ ನೆನಪಿನಲ್ಲಿದೆ.