ಪೇಪರ್ ಬಿಡಬಹುದು, ಗ್ರೂಪ್ ಬಿಡೋದು ಹೆಂಗ?

2021ರ ಜನವರಿ ನೆನಪೈತೇನು? ಬೆಳಗಾವಿಯ ಖಡೇಬಜಾರದಿಂದ ಖಾನಾಪುರದ ಜಾಂಬೋಟಿವರೆಗೆ, ವಾಟ್ಸಾಪ್ ಬಳಸುವವರ ಫೋನಿಗೆ ಒಂದು ನೋಟಿಸು ಬಂತು. ಹೊಸ ಷರತ್ತುಗಳನ್ನು ಫೆಬ್ರವರಿ 8ರೊಳಗೆ ಒಪ್ಪಿಕೊಳ್ಳಿ, ಇಲ್ಲಾಂದ್ರ ಬಳಸೋಕಾಗಲ್ಲ ಅಂತ. ಒಪ್ಪದೇ ಬಿಟ್ಟು ಹೋಗೋದು ಅಷ್ಟು ಸುಲಭ ಇತ್ತಾ? ಇದನ್ನು ತಿಳಿಯಲು ಮೊದಲು ನಮ್ಮ ಭಾಗದ್ದೇ ಒಂದು ಹಳೇ ಕಥೆ ನೋಡೋಣ.

ಹುಬ್ಬಳ್ಳಿಯ ಸಾರಿಗೆ ಉದ್ಯಮಿ ವಿಜಯ ಸಂಕೇಶ್ವರ 1999ರಲ್ಲಿ 'ವಿಜಯ ಕರ್ನಾಟಕ' ಶುರು ಮಾಡಿದರು. ಕೆಲವೇ ವರ್ಷಗಳಲ್ಲಿ ಅದು ಕನ್ನಡದಲ್ಲಿ ಅತಿ ಹೆಚ್ಚು ಪ್ರಸಾರದ ದಿನಪತ್ರಿಕೆ ಆಯಿತು. ಉತ್ತರ ಕರ್ನಾಟಕದವರಿಗೆ ಇದು 'ನಮ್ಮ ಪೇಪರ್'. 2006ರಲ್ಲಿ ಅದನ್ನು ಟೈಮ್ಸ್ ಸಮೂಹ ಕೊಂಡಿತು. ಮರುದಿನ ಓದುಗರ ಮನೆ ಬಾಗಿಲಿಗೆ ಬಂದದ್ದು ಅದೇ ಹೆಸರಿನ ಪತ್ರಿಕೆ, ಸಂಪಾದಕರು ಅದೇ ವಿಶ್ವೇಶ್ವರ ಭಟ್. 2010ರ ಕೊನೆಗೆ ಭಟ್ಟರು ಹೊರಬಂದು ಮುಂದೆ 'ಕನ್ನಡಪ್ರಭ' ಸೇರಿದರು. 2012ರಲ್ಲಿ ಸಂಕೇಶ್ವರರೇ 'ವಿಜಯವಾಣಿ' ತಂದರು. ಆಗ ಓದುಗ ಏನು ಮಾಡಬೇಕಿತ್ತು? ಪೇಪರ್ ಹಾಕುವ ಹುಡುಗನಿಗೆ, "ನಾಳೆಯಿಂದ ಅದು ಬೇಡಪಾ, ಇದು ಹಾಕು" ಅಂದರೆ ಸಾಕು. ಹಳೇದನ್ನೇ ಓದುವವರು ಓದಿದರು, ಬದಲಿಸುವವರು ಬದಲಿಸಿದರು. ಪಕ್ಕದ ಮನೆಯವರನ್ನು ಕೇಳಬೇಕಾಗಿರಲಿಲ್ಲ.

ಈಗ ವಾಟ್ಸಾಪಿಗೆ ಬರೋಣ. 2014ರ ಫೆಬ್ರವರಿಯಲ್ಲಿ ಫೇಸ್‌ಬುಕ್ ಅದನ್ನು 1,900 ಕೋಟಿ ಡಾಲರಿಗೆ ಕೊಳ್ಳುವುದಾಗಿ ಘೋಷಿಸಿತು. ಆಗ ಬಳಕೆದಾರರು ಸುಮಾರು 45 ಕೋಟಿ. ಜಾಹೀರಾತು ಇಲ್ಲದ ಆ್ಯಪ್ ಅಂತಲೇ ಅದಕ್ಕೆ ಹೆಸರು. ನಿಮಗೇನೂ ಬದಲಾಗಲ್ಲ ಅಂತ ಸ್ಥಾಪಕರು ಭರವಸೆ ಕೊಟ್ಟರು. ಎರಡೂವರೆ ವರ್ಷ ಕಳೆದು, 2016ರ ಆಗಸ್ಟಿನಲ್ಲಿ, ಬಳಕೆದಾರರ ಕೆಲವು ಮಾಹಿತಿಯನ್ನು ಫೇಸ್‌ಬುಕ್ ಜೊತೆ ಹಂಚಿಕೊಳ್ಳುವ ನೀತಿ ಬಂತು. ಆಗ ಹಳೇ ಬಳಕೆದಾರರಿಗೆ ಜಾಹೀರಾತಿನ ವಿಷಯದಲ್ಲಿ ಬೇಡ ಅನ್ನುವ ಅವಕಾಶವಾದರೂ ಇತ್ತು. ಸ್ಥಾಪಕರಲ್ಲಿ ಒಬ್ಬರಾದ ಬ್ರಯಾನ್ ಆ್ಯಕ್ಟನ್ 2017ರಲ್ಲಿ ಕಂಪನಿ ಬಿಟ್ಟರು, ಮರುವರ್ಷ ಸಿಗ್ನಲ್ ಆ್ಯಪಿನ ಪ್ರತಿಷ್ಠಾನಕ್ಕೆ 5 ಕೋಟಿ ಡಾಲರ್ ಹಾಕಿದರು.

2021ರ ನೋಟಿಸಿನಲ್ಲಿ ಬೇಡ ಅನ್ನುವ ಆಯ್ಕೆಯೇ ಇರಲಿಲ್ಲ. ನಿಮ್ಮ ಖಾಸಗಿ ಮೆಸೇಜು ನಾವು ಓದಲ್ಲ ಅಂತ ವಾಟ್ಸಾಪ್ ಹೇಳಿತು. ಜನ ನಂಬಲಿಲ್ಲ. 72 ತಾಸಿನಲ್ಲಿ ಎರಡೂವರೆ ಕೋಟಿ ಹೊಸಬರು ಬಂದರು ಅಂತ ಟೆಲಿಗ್ರಾಮ್ ಪ್ರಕಟಿಸಿತು. ನುಗ್ಗಿದ ಜನರ ಭಾರಕ್ಕೆ ಸಿಗ್ನಲ್ ಜನವರಿ 15ರಂದು ಕೆಟ್ಟು ನಿಂತಿತು. ವಾಟ್ಸಾಪ್ ಗಡುವನ್ನು ಮೇ 15ಕ್ಕೆ ತಳ್ಳಿತು.

ಆಮೇಲೆ? ಸಿಗ್ನಲ್ ಹಾಕಿಕೊಂಡವರಲ್ಲೂ ಬಹಳ ಮಂದಿ ವಾಟ್ಸಾಪ್ ಅಳಿಸಲಿಲ್ಲ. ಯಾಕಂದ್ರ ಮಗುವಿನ ಸಾಲಿ ಗ್ರೂಪ್ ಅಲ್ಲೇ ಐತಿ. ಸ್ವಸಹಾಯ ಸಂಘದ ಅಕ್ಕಂದಿರು ಅಲ್ಲೇ ಅದಾರ. ಕನ್ನಡ, ಮರಾಠಿ ಎರಡೂ ಬೆರೆತ ಬೀಗರ ಗ್ರೂಪೂ ಅಲ್ಲೇ. ಪೇಪರ್ ಒಬ್ಬನೇ ಬಿಡಬಹುದು. ವಾಟ್ಸಾಪ್ ಬಿಡಬೇಕಂದ್ರ ಎಲ್ಲರೂ ಕೂಡಿ ಬಿಡಬೇಕು.

ಈ ಸಿಕ್ಕನ್ನು ಸರ್ಕಾರವೂ ಗುರುತಿಸಿದೆ. 2024ರ ನವೆಂಬರಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ, ಒಪ್ಪು ಇಲ್ಲವೇ ಬಿಡು ಅನ್ನುವ ಆ ಷರತ್ತಿಗಾಗಿ ಮೆಟಾಗೆ 213.14 ಕೋಟಿ ರೂಪಾಯಿ ದಂಡ ಹಾಕಿತು. ಮೆಟಾ ಮೇಲ್ಮನವಿ ಸಲ್ಲಿಸಿತು. ಆದರೆ ದಂಡದಿಂದ ಬಳಕೆದಾರನಿಗೆ ಹೊರಹೋಗುವ ಬಾಗಿಲು ತೆರೆಯಲ್ಲ.

ಬಾಗಿಲು ತೆರೆದ ಉದಾಹರಣೆ ನಮ್ಮ ದೇಶದಲ್ಲೇ ಐತಿ. 2011ರ ಜನವರಿಯಿಂದ ನಂಬರ್ ಉಳಿಸಿಕೊಂಡೇ ಮೊಬೈಲ್ ಕಂಪನಿ ಬದಲಿಸಬಹುದು. ಕಂಪನಿ ಯಾವುದೇ ಇರಲಿ, ಕರೆ ಎಲ್ಲರಿಗೂ ಹೋಗ್ತದೆ. ಯುರೋಪಿನ ಹೊಸ ಕಾನೂನು ದೊಡ್ಡ ಮೆಸೇಜಿಂಗ್ ಆ್ಯಪ್‌ಗಳಿಗೂ ಇದನ್ನೇ ಹೇಳುತ್ತದೆ: ಬೇರೆ ಆ್ಯಪಿನವರು ಕೇಳಿದರೆ ಸಂಪರ್ಕ ಕೊಡಬೇಕು. ಅದು ನಮ್ಮಲ್ಲೂ ಬಂದರೆ, ಮುಂದಿನ ಸಲ ಯಾರೇ ಯಾವ ಆ್ಯಪ್ ಕೊಂಡರೂ ನಾವು ಪೇಪರ್ ಹುಡುಗನಿಗೆ ಹೇಳಿದಷ್ಟೇ ಸಲೀಸಾಗಿ ಹೇಳಬಹುದು: "ನಾಳೆಯಿಂದ ಅದು ಬೇಡಪಾ."